ನಾಲ್ಕು ಹೊಲದ ಭಜ್ಜಿ

ನಮ್ಮ ಊರಿನಿಂದ ಅಕ್ಕನನ್ನು ಕೊಟ್ಟ ಊರಿಗೆ ಎರಡು ದಾರಿಗಳಿದ್ದವು. ಒಂದು ಡಾಂಬರಿನದು. ಅಫಜಲಪುರಕ್ಕೆ ಹೋಗಿ, ಬಸ್ಸು ಬದಲಿಸಿ, ಆಳಂದದ ಕಡೆ ಸುತ್ತು ಹಾಕಿಕೊಂಡು, ಕೊನೆಗೆ ಒಂದು ಕ್ರಾಸಿನಲ್ಲಿ ಇಳಿದು ಎರಡು ಮೈಲಿ ನಡೆಯಬೇಕು. ಬಸ್ಸು ಸಿಕ್ಕರೆ ಅರ್ಧ ದಿನ, ಸಿಗದಿದ್ದರೆ ಪೂರ್ತಿ ದಿನ. ಇನ್ನೊಂದು ಗರಸಿನ, ಅಂದರೆ ಹರಳುಮಣ್ಣಿನ ದಾರಿ. ಹೊಲಗಳ ನಡುವೆ ನೆಟ್ಟಗೆ ಒಂಬತ್ತೇ ಮೈಲಿ. ನಾನು ಅಂಬೆಗಾಲಿಡುತ್ತಿದ್ದ ಕಾಲದಲ್ಲಿ, ಬರ ಬಿದ್ದ ವರ್ಷ, ಜನರಿಗೆ ಕೂಲಿ ಸಿಗಲೆಂದು ಸರಕಾರ ಹಾಕಿಸಿದ್ದು. ಯಾರೋ ಎಲ್ಲಿಗೋ ಹೋಗಲಿ ಎಂದು ಹಾಕಿದ ದಾರಿಯಲ್ಲ ಅದು, ಹಾಕುವ ಕೆಲಸವೊಂದು ಇರಲಿ ಎಂದು ಹಾಕಿದ ದಾರಿ. ಅದಕ್ಕೇ ಏನೋ, ಅದರ ಮೇಲೆ ಬಸ್ಸು ಓಡಲಿಲ್ಲ, ಲಾರಿ ಬರಲಿಲ್ಲ. ಭೂಸನೂರಿನ ಕಾರ್ಖಾನೆಗೆ ಹೋಗುವ ಕಬ್ಬಿನ ಗಾಡಿಗಳು ಕೂಡ ಡಾಂಬರು ರಸ್ತೆಯನ್ನೇ ಹಿಡಿಯುತ್ತಿದ್ದವು. ನಮ್ಮ ದಾರಿಗೆ ದಿನಕ್ಕೆ ನಾಲ್ಕೈದು ಬಂಡಿ, ಒಂದು ಕುರಿ ಹಿಂಡು, ಆಮೇಲೆ ನಾನು.

ನಾನು ಸೈಕಲ್ ಕಲಿತದ್ದು ಅಲ್ಲೇ. ಅಪ್ಪ ನಮ್ಮೂರ ಶಾಲೆಯ ಮಾಸ್ತರರು. ಮನೆಯ ಮಾಳಿಗೆ ಸೋರುತ್ತದೆಂದು ಮಣ್ಣು ಹಾಕಲು ಹತ್ತಿ, ಬಿದ್ದು, ಎಡಗಾಲು ಸೊಟ್ಟಗಾಗಿತ್ತು. ದೂರ ನಡೆಯುವುದು ಆಗುತ್ತಿರಲಿಲ್ಲ. ನಾವು ಇಬ್ಬರೂ ಹೆಣ್ಣುಮಕ್ಕಳು. ಪಕ್ಕದೂರಿನಲ್ಲಿ ಆಗ ಇದ್ದ ನರ್ಸಬಾಯಿಗೆ ಜೇವರ್ಗಿಗೆ ವರ್ಗವಾದಾಗ ಅವರ ಲೇಡಿಸ್ ಸೈಕಲ್ಲನ್ನು ಅಪ್ಪ ಕೊಂಡು, ಅಂಗಳದಲ್ಲಿ ನಿಲ್ಲಿಸಿ, "ಇದು ಮನಿಗಿ ಬೇಕು. ಯಾರು ಹೊಡೀತೀರಿ?" ಎಂದು ಕೇಳಿದರು. ಅಕ್ಕ ಒಳಗೆ ಓಡಿದಳು. ನಾನು ನಿಂತೆ. ಊರೊಳಗೆ ಕಲಿಯುವಂತಿರಲಿಲ್ಲ, ಬೆಳಗಿನ ಜಾವ ಗರಸಿನ ದಾರಿಗೆ ತಳ್ಳಿಕೊಂಡು ಹೋಗಿ ಬಿದ್ದು ಎದ್ದು ಕಲಿತೆ. ನೋಡುವವರು ಯಾರೂ ಇರುತ್ತಿರಲಿಲ್ಲ. ಒಮ್ಮೊಮ್ಮೆ ಚಿಗರಿಗಳ ಹಿಂಡು ದಾರಿ ದಾಟುವಾಗ ನಿಂತು, ನಾನು ಬೀಳುವುದನ್ನು ನೋಡಿ ಹೋಗುತ್ತಿತ್ತು.

ಗರಸಿನ ಮೇಲೆ ಸೈಕಲ್ ಹೊಡೆಯಲು ಅದರದೇ ಒಂದು ಪದ್ಧತಿ ಬೇಕು. ಬಂಡಿಯ ಗಾಲಿ ಹಾದು ಗಟ್ಟಿಯಾದ ಜಾಡಿನಲ್ಲೇ ಹೋಗಬೇಕು. ನಡುವೆ ಹರಳು ಸಡಿಲವಿರುತ್ತದೆ, ಮುಂಗಾಲಿ ಜಾರುತ್ತದೆ. ಇಳಿಜಾರಿನಲ್ಲಿ ಮುಂದಿನ ಬ್ರೇಕು ಮುಟ್ಟಬಾರದು. ಟೈರಿಗೆ ಗಾಳಿ ಜರಾ ಕಡಿಮೆಯೇ ಇರಬೇಕು, ಇಲ್ಲದಿದ್ದರೆ ಕೈಯ ಗೆಣ್ಣುಗಳು ಸಂಜೆಯವರೆಗೂ ಜುಮ್ಮೆನ್ನುತ್ತವೆ. ಮಳೆಗಾಲದಲ್ಲಿ ದಾರಿ ಬಿಟ್ಟು ಒಂದು ಮಾರು ಆಚೆ ಇಳಿದಿರೋ, ಎರೆಮಣ್ಣು ಮಡ್‌ಗಾರ್ಡಿನೊಳಗೆ ತುಂಬಿ ಗಾಲಿ ನಿಂತೇಬಿಡುತ್ತದೆ. ಅದನ್ನು ಕೆತ್ತಿ ತೆಗೆಯಲು ಹ್ಯಾಂಡಲಿಗೆ ಒಂದು ತೊಗರಿಕಟ್ಟಿಗೆ ಕಟ್ಟಿರುತ್ತಿದ್ದೆ. ಚಳಿಗಾಲ ಬಂತೆಂದರೆ ಮಾತ್ರ ಅದು ರಾಜಮಾರ್ಗ. ಎರಡೂ ಕಡೆ ತಲೆಯೆತ್ತರದ ಬಿಳಿಜೋಳ, ಅದರಾಚೆ ತೊಗರಿ, ನಡುನಡುವೆ ಕಡಲೆಯ ಹಸಿರು ತುಂಡುಗಳು, ಹೊಲದ ಅಂಚಿಗೆ ಮುಳ್ಳಿನ ಕುಸುಬಿ. ಗಾಲಿಯ ಕೆಳಗೆ ಚರಚರ ಎನ್ನುವ ಸಪ್ಪಳ ಬಿಟ್ಟರೆ ಮತ್ತೊಂದಿಲ್ಲ. ಈಗಲೂ ಒಲೆಯ ಮೇಲೆ ಎಳ್ಳು ಹುರಿಯುವಾಗ ಸಿಡಿಯುವ ಸದ್ದು ಕೇಳಿದರೆ ನನಗೆ ಆ ದಾರಿ ನೆನಪಾಗುತ್ತದೆ.

ಅಕ್ಕನಿಗೆ ಮದುವೆಯಾಗಿ ಎರಡು ವರ್ಷಕ್ಕೆ ದಿನ ನಿಂತವು. ನಮ್ಮಲ್ಲಿ ಚೊಚ್ಚಲು ಹೆರಿಗೆ ತವರಿನಲ್ಲೇ. ದೀಪಾವಳಿಯಾದ ಮೇಲೆ ಅಪ್ಪ, ಅವ್ವ, ನಾನು ಮೂವರೂ ಬಸ್ಸಿನಲ್ಲಿ ಹೋಗಿ, ಏಳನೇ ತಿಂಗಳಿಗೆ ಕಳಿಸಿಕೊಡಿ ಎಂದು ಕೇಳಿದೆವು. ಅಕ್ಕನ ಅತ್ತೆ ಗಟ್ಟಿ ಹೆಂಗಸು. ಗಂಡ ಹೋದ ಮೇಲೆ ಮೂವತ್ತು ಎಕರೆ ಒಕ್ಕಲುತನವನ್ನು ತಾನೇ ನಿಂತು ಮಾಡಿಸಿದವರು. ಹಣೆಯ ತುಂಬ ವಿಭೂತಿ, ಸೊಂಟಕ್ಕೆ ಬೀಗದ ಕೈಗೊಂಚಲು. ನಮಗೆ ಚಹಾ ಕೊಡಿಸಿ, ಎದುರಿಗೆ ಕೂತು, ನೆಟ್ಟಗೇ ಹೇಳಿದರು:

"ಕಳಸೂದಿಲ್ರಿ ಬೀಗರ. ಸಿಟ್ಟಾಗಬ್ಯಾಡ್ರಿ. ನಿಮ್ಮೂರಿಗಿ ರಾತ್ರಿ ಬಸ್ಸಿಲ್ಲ. ನರ್ಸಬಾಯಿ ಇರೂದು ಪಕ್ಕದೂರಾಗ. ಅಲ್ಲಿಗಿ ಇರೂದೊಂದು ಗರಸಿನ ದಾರಿ, ಅದರ ಮ್ಯಾಲ ಹಗಲಿಗೇ ಮನಷ್ಯಾರ ಸುಳಿವಿಲ್ಲ. ಅಪರಾತ್ರಿ ಬ್ಯಾನಿ ಬಂದ್ರ ಯಾರನ್ನ ಕರೀತೀರಿ, ತ್ವಾಳಕ್ಕ?"

ಅವ್ವ ಸೆರಗಿನ ತುದಿ ತಿರುವುತ್ತ ಕೂತಳು. ಅಪ್ಪನಿಗೆ ತನ್ನ ಕಾಲಿನ ಮಾತು ಬಂದಂತಾಯಿತೇನೋ, ಒಮ್ಮೆಲೇ ನನ್ನ ಕಡೆ ಕೈ ಮಾಡಿದರು. "ನಮ್ಮ ಸಣ್ಣಾಕಿ ಸೈಕಲ್ ಹೊಡೀತಾಳ್ರಿ. ಹೋಗಿ ಕರಕೊಂಡ ಬರಾಕ ಎಷ್ಟ ಹೊತ್ತು?"

ಅತ್ತೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಈ ಹುಲ್ಲಕಡ್ಡಿ? ಆಗ್ಲಿ, ನೋಡೂಣು. ಬರೋ ಎಳ್ಳಮಾಸಿ ದಿನ ನಿಮ್ಮ ಮನಿ ಭಜ್ಜಿ ತಗೊಂಡು, ನಾವು ಚರಗ ಚೆಲ್ಲೂದ್ರೊಳಗ ನಮ್ಮ ಹೊಲಕ್ಕ ಬರ್ಲಿ. ಬಂದ್ಳಂದ್ರ ಕಳಸ್ತೇನಿ. ಇಲ್ಲಂದ್ರ ಇಲ್ಲೇ, ನನ್ನ ಕಣ್ಣ ಮುಂದ ಆಗ್ಲಿ."

ಹೊರಡುವಾಗ ಅಕ್ಕ ಬಾಗಿಲ ಮರೆಯಲ್ಲಿ ನನ್ನ ಕೈ ಹಿಡಿದಳು. "ಅವ್ವನ ಕೈ ಭಜ್ಜಿ ಬಾಯಾಗ ಬರಾಕತ್ತದ ಬೇ. ದಿನಾ ಕನಸು ಬೀಳಾಕತ್ತದ. ತಪ್ಪಸಬ್ಯಾಡ."

ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಎಳ್ಳ ಅಮಾವಾಸ್ಯೆಗೆ ನಮ್ಮ ಕಡೆ ಮಾಡುವ ಗಟ್ಟಿ ಪಲ್ಯ. ಹಸಿ ತೊಗರಿಕಾಳು, ಹಸಿ ಕಡಲೆ, ಅವರೆ, ಶೇಂಗಾ, ಬದನೆ, ಗಜ್ಜರಿ, ಮೆಂತ್ಯ, ಹಿತ್ತಲಲ್ಲಿ ಸಿಕ್ಕ ಸೊಪ್ಪೆಲ್ಲ ಹಾಕಿ, ಹುಣಸೆಹುಳಿ ಬಿಟ್ಟು, ಕಡಲೆಹಿಟ್ಟು ಕಲಸಿ ಕುದಿಸುವುದು. ಎಳ್ಳು ಹಚ್ಚಿದ ಸಜ್ಜೆರೊಟ್ಟಿಯ ಜೊತೆ ಅದನ್ನು ಹೊಲಕ್ಕೆ ಒಯ್ದು, ಬೆಳೆಯ ಸುತ್ತ ಚರಗ ಚೆಲ್ಲಿ, ಅಂದರೆ ಭೂಮಿತಾಯಿಗೆ ಮೊದಲ ತುತ್ತು ಉಣಿಸಿ, ಆಮೇಲೆ ಮನೆಮಂದಿಯೆಲ್ಲ ಹೊಲದಲ್ಲೇ ಕೂತು ಉಣ್ಣುತ್ತಾರೆ. ಎಲ್ಲ ಮನೆಯಲ್ಲೂ ಅದೇ ಅಡುಗೆ, ಆದರೆ ಒಂದು ಮನೆಯ ಭಜ್ಜಿ ಇನ್ನೊಂದರಂತೆ ಇರುವುದಿಲ್ಲ. ನಮ್ಮವ್ವ ಬದನೆಯನ್ನು ಹೋಳು ಮಾಡದೆ, ಎಳೆಯವನ್ನು ತೊಟ್ಟು ಸಮೇತ ಸೀಳಿ ಇಡಿಯಾಗಿ ಬಿಡುತ್ತಿದ್ದಳು.

ಆ ದಿನ ಅವ್ವ ಕೋಳಿ ಕೂಗುವ ಮೊದಲೇ ಎದ್ದಿದ್ದಳು. ಹಿತ್ತಾಳೆಯ ಡಬ್ಬಿಗೆ ಭಜ್ಜಿ ತುಂಬಿ, ಬಾಯಿಗೆ ಬಟ್ಟೆ ಬಿಗಿದು, ಕ್ಯಾರಿಯರಿನ ಮೇಲೆ ಸಿಂಬಿ ಇಟ್ಟು, ಹಳೆಯ ಟ್ಯೂಬಿನ ಪಟ್ಟಿಗಳಿಂದ ನಾನು ಕಟ್ಟಿದೆ. ರೊಟ್ಟಿಯ ಗಂಟು ಹ್ಯಾಂಡಲಿಗೆ. ಡಾಂಬರು ರಸ್ತೆಯ ಮಾತೇ ಯಾರೂ ಎತ್ತಲಿಲ್ಲ. ಗರಸಿನ ದಾರಿಯಲ್ಲಿ ತಡೆಯುವವರು ಯಾರೂ ಇಲ್ಲ, ಒಂದೂವರೆ ತಾಸಿನಲ್ಲಿ ಮುಟ್ಟುತ್ತಾಳೆ ಎಂದು ಅಪ್ಪ ಲೆಕ್ಕ ಹಾಕಿದರು. ಚರಗ ಚೆಲ್ಲುವುದು ಹೊತ್ತು ನೆತ್ತಿಗೆ ಬಂದಾಗ. ನಾನು ಹತ್ತು ಗಂಟೆಗೆ ಹೊರಟೆ.

ಅಪ್ಪ, ಅವ್ವ, ನಾನು ಮೂವರೂ ಹುಟ್ಟಿದ್ದು ಬೆಳೆದದ್ದು ಅದೇ ಸೀಮೆಯಲ್ಲಿ, ಆದರೂ ಮೂವರಿಗೂ ಒಂದು ಮಾತು ಹೊಳೆಯಲಿಲ್ಲ. ವರ್ಷವೆಲ್ಲ ಖಾಲಿ ಬಿದ್ದಿರುವ ಆ ದಾರಿಯ ಎರಡೂ ಬದಿಗೆ ಅವತ್ತು ಒಂದು ದಿನ ಊರೂರೇ ಬಂದು ಕೂತಿರುತ್ತದೆ. ಎಳ್ಳಮಾಸಿಯ ದಿನ ಹೊಲದ ಮುಂದೆ ಹಾದವರನ್ನು ಉಣಿಸದೆ ಬಿಡುವ ಒಕ್ಕಲಿಗ ನಮ್ಮ ಕಡೆ ಇಲ್ಲ.

ಎರಡು ಮೈಲಿ ದಾಟಿರಲಿಲ್ಲ, ಮೊದಲ ಹೊಲದ ಮುದುಕ ಎರಡೂ ಕೈ ಚಾಚಿ ದಾರಿಯ ನಡುವೆ ನಿಂತುಬಿಟ್ಟ.

"ಏ ಸೈಕಲ್! ಇಳೀಬೇ ಇಳಿ."

"ಯಜ್ಜಾ, ನಮ್ಮಕ್ಕನ ಊರಿಗಿ ಹೊಂಟೇನಿ. ಹೊತ್ತ ಆಗತದ, ಬಿಡ್ರಿ."

"ನಿಮ್ಮಕ್ಕ ಎಲ್ಲಿಗಿ ಓಡಿ ಹೋಗ್ತಾಳ? ನಮ್ಮ ಹೊಲದ ಮುಂದ ಹಸದು ಹೋದ್ರ ಈ ಜ್ವಾಳ ತೆನಿ ಹಿಡೀತದೇನು? ಎರಡ ತುತ್ತ ಉಂಡ ಹೋಗು."

ಎರಡು ತುತ್ತು ಎಂದರೆ ಎರಡು ರೊಟ್ಟಿ. ಉಂಡು ಕೈ ತೊಳೆದು ಏಳುವಷ್ಟರಲ್ಲಿ ಅವನ ಸೊಸೆ ನನ್ನ ಡಬ್ಬಿಯ ಬಟ್ಟೆ ಬಿಚ್ಚುತ್ತಿದ್ದಳು. ನಾನು ಬೇಡ ಎನ್ನುತ್ತಿದ್ದೆ, ಅವಳು ಕೇಳುತ್ತಿರಲಿಲ್ಲ. ಅವತ್ತು ಉಂಡವರು ಬರಿದೇ ಹೋಗುವಂತಿಲ್ಲ. ಕೈಯಲ್ಲಿ ಭಜ್ಜಿ ಇದ್ದರೆ ಕೊಟ್ಟು, ಅವರದನ್ನು ತೆಗೆದುಕೊಂಡು ಹೋಗಬೇಕು. ನಮ್ಮ ಡಬ್ಬಿಯಿಂದ ಎರಡು ಸೌಟು ಅವರ ಗಡಿಗೆಗೆ ಹೋಯಿತು, ಅವರ ಗಡಿಗೆಯಿಂದ ಎರಡು ಸೌಟು ನಮ್ಮ ಡಬ್ಬಿಗೆ ಬಂತು. ಇರಲಿ, ಎರಡೇ ಸೌಟಲ್ಲವೆ ಎಂದುಕೊಂಡೆ.

ಎರಡನೆಯದು ದೊಡ್ಡ ಮನೆತನದ ಹೊಲ. ಇಪ್ಪತ್ತು ಜನರಾದರೂ ಇದ್ದರು, ಹೆಂಗಸರೇ ಹೆಚ್ಚು. ನನ್ನನ್ನು ನೋಡಿ ಒಬ್ಬಳು, "ಯವ್ವಾ, ಸೀರಿ ಉಟ್ಟ ಪೋಸ್ಟಮ್ಯಾನ್ ಬಂದ ನೋಡ್ರೇ!" ಎಂದಳು. ಮತ್ತೊಬ್ಬಳು, "ನಮ್ಮತ್ತಿಗಿ ಕಾಗದ ಇದ್ರ ಕೊಡಬ್ಯಾಡ, ಓದಿ ಹೇಳು ಅಂತ ನನ್ನ ಜೀವಾ ತಿಂತಾಳ" ಎಂದಳು. ಎಲ್ಲರೂ ನಕ್ಕರು, ಅವಳ ಅತ್ತೆಯೂ. ಉಣ್ಣದೆ ಬಿಡಲಿಲ್ಲ, ಉಂಡ ಮೇಲೂ ಬಿಡಲಿಲ್ಲ. ಆ ಮನೆಯ ಹೊಸ ಸೊಸೆಗೆ ಸೈಕಲ್ ಹತ್ತಬೇಕಿತ್ತಂತೆ. ಹಸಿರು ಬಳೆ ಹೊಸದಾಗಿ ತೊಟ್ಟ ಕೈಯಿಂದ ಹ್ಯಾಂಡಲ್ ಹಿಡಿದು, ನಾನು ಹಿಂದೆ ಹಿಡಿದುಕೊಂಡು ಓಡುವಾಗ ಹತ್ತು ಮಾರು ಹೋಗಿ, "ಬಿಡಬ್ಯಾಡ, ಬಿಡಬ್ಯಾಡ" ಎನ್ನುತ್ತಲೇ ಕಡಲೆಯ ಹೊಲಕ್ಕೆ ಉರುಳಿದಳು. ಎದ್ದವಳು ನಗುವುದನ್ನು ನಿಲ್ಲಿಸಲೇ ಇಲ್ಲ. ಆ ನಗುವಿಗಾಗಿ ಅರ್ಧ ತಾಸು ಹೋಯಿತು. ಡಬ್ಬಿಯಿಂದ ಮೂರು ಸೌಟು ಹೋಯಿತು, ಮೂರು ಬಂತು.

ಮೂರನೆಯದು ಒಂದು ಮುಸಲ್ಮಾನರ ಮನೆಯ ಹೊಲ. ಅವರೂ ನಮ್ಮಂತೆಯೇ ಬಂಡಿ ಕಟ್ಟಿಕೊಂಡು ಬಂದು ಬೇವಿನ ಮರದ ಕೆಳಗೆ ಕೂತಿದ್ದರು. ಅಲ್ಲಿನ ಅಜ್ಜಿ ಕೂತಲ್ಲಿಂದಲೇ ಕೂಗಿದಳು: "ಆ ಮಾ, ಬೈಠ್ ಜರಾ. ಭೂಕೀ ಜಾತೇ ಕ್ಯಾ ಐಸೇ ದಿನ?" ಬಾ, ಕೂಡು, ಇಂಥ ದಿನ ಹಸಿದು ಹೋಗುತ್ತಾರೇನು ಎಂದು. ನಾನು ಹೊಟ್ಟೆ ಮುಟ್ಟಿ ತೋರಿಸಿ, ಎರಡು ಕಡೆ ಉಂಡೇನಿ ಅಜ್ಜಿ, ನಮ್ಮಕ್ಕ ಬಸಿರಿ, ಹಾದಿ ಕಾಯಾಕತ್ತಾಳ ಎಂದೆ. ಆಗ ಅವಳು ಕನ್ನಡಕ್ಕೆ ಹೊರಳಿದಳು. "ಬಸಿರಿಗಿ ಒಂದ ಮನಿ ಉಪ್ಪು ಸಾಲೂದಿಲ್ಲ ತಂಗಿ, ನಮ್ದೂ ಒಯ್ಯಿ." ಅವರ ಭಜ್ಜಿಗೆ ಹುಣಸೆಯ ಬದಲು ಪುಂಡಿಸೊಪ್ಪಿನ ಹುಳಿ. ನಾನು ಒಂದೇ ರೊಟ್ಟಿ ಉಂಡೆ, ಆದರೆ ಡಬ್ಬಿಗೆ ಬಿದ್ದ ಸೌಟುಗಳನ್ನು ಎಣಿಸಲಿಲ್ಲ.

ನಾಲ್ಕನೆಯ ಹೊಲದವರು ನನ್ನನ್ನು ಕರೆಯಲಿಲ್ಲ. ದಾರಿಯ ಪಕ್ಕದ ಒಂದು ಎಕರೆಯ ತುಂಡು, ಗಂಡ ಹೆಂಡತಿ ಇಬ್ಬರೇ. ಕರೆದರೆ ಬರುತ್ತಾಳೋ ಇಲ್ಲವೋ ಎಂಬಂತೆ ಹೆಂಡತಿ ಎದ್ದು ನಿಂತು ನೋಡಿದಳು, ಅಷ್ಟೇ. ಹೊತ್ತು ನೆತ್ತಿ ದಾಟಿತ್ತು. ನಾನು ಪೆಡಲ್ ತುಳಿದು ಮುಂದೆ ಹೋದೆ. ಇಪ್ಪತ್ತು ಮಾರು ಹೋದವಳು ಏಕೋ ತಡೆಯಲಾಗದೆ ಇಳಿದು, ಸೈಕಲ್ ಹಿಂದೆ ತಿರುಗಿಸಿದೆ. ಅವಳ ಮುಖ ಅರಳಿದ್ದನ್ನು ಏನೆಂದು ಬರೆಯಲಿ. "ನಮ್ಮ ಹೊಲಕ್ಕ ಈ ವರ್ಷ ಯಾರೂ ಬಂದಿದ್ದಿಲ್ರಿ" ಎಂದು ಗಂಡ ಹೇಳಿದ. ಅವರ ಭಜ್ಜಿಯಲ್ಲಿ ಸೊಪ್ಪೇ ಹೆಚ್ಚು, ಕಾಳು ಕಡಿಮೆ. ನನಗೆ ಹೊಟ್ಟೆಯಲ್ಲಿ ಜಾಗ ಇರಲಿಲ್ಲ; ಆದರೂ ಉಂಡೆ.

ಅತ್ತೆಯ ಹೊಲ ಮುಟ್ಟುವಷ್ಟರಲ್ಲಿ ಮೂರು ಗಂಟೆ ದಾಟಿತ್ತು. ಚರಗ ಚೆಲ್ಲಿ ಆಗಿತ್ತು. ಎಲ್ಲರೂ ಉಂಡು ಜೋಳದ ಸಾಲಿನ ನೆರಳಿಗೆ ಅಡ್ಡಾಗಿದ್ದರು. ಅಕ್ಕ ಒಬ್ಬಳೇ ಬಂಡಿಯ ಗಾಲಿಗೆ ಒರಗಿ, ದಾರಿಯ ಕಡೆ ಮುಖ ಮಾಡಿ ಕೂತಿದ್ದಳು. ತಾನು ಉಣ್ಣದೆ ಕಾದಿದ್ದಳು. ನನ್ನನ್ನು ನೋಡಿ ನಗಲು ಹೋದಳು, ತುಟಿ ಒಣಗಿತ್ತು.

ಅತ್ತೆ ಡಬ್ಬಿ ಬಿಚ್ಚಿಸಿ, ಬೆರಳಿನಿಂದ ಒಂದಿಷ್ಟು ತೆಗೆದು ನಾಲಿಗೆಗಿಟ್ಟರು. ಮತ್ತೊಮ್ಮೆ ಇಟ್ಟರು.

"ಇದು ನಿಮ್ಮವ್ವನ ಕೈ ಅಲ್ಲ."

ಅಕ್ಕ ರೊಟ್ಟಿ ಮುರಿದು ಒಂದು ತುತ್ತು ಬಾಯಿಗಿಟ್ಟವಳು ಅಗಿಯುವುದನ್ನು ನಿಲ್ಲಿಸಿದಳು. ತಿಂಗಳಿಂದ ಕಾದದ್ದು ಅದಲ್ಲ ಎಂದು ಅವಳ ಕಣ್ಣು ಹೇಳಿತು. ನುಂಗಿ, ಡಬ್ಬಿಯೊಳಗೆ ಕೈ ಹಾಕಿ, ಕಾಳು ಸೊಪ್ಪುಗಳ ನಡುವೆ ತಡಕಾಡಿ, ತೊಟ್ಟು ಸಮೇತ ಸೀಳಿದ ಒಂದು ಇಡೀ ಬದನೆಯನ್ನು ಹೊರಗೆ ತೆಗೆದಳು. "ಇದು ಅವ್ವಂದು" ಎಂದಳು. ಮತ್ತೆ ತಡಕಿದಳು. ಎರಡೇ ಸಿಕ್ಕವು.

ಅಷ್ಟಕ್ಕೇ ನನಗೆ ಅಳು ಬಂತು. ಅತ್ತೆ, "ಅಳೂದು ಆಮ್ಯಾಗ. ಮೊದಲ ಹೇಳು, ಹಾದ್ಯಾಗ ಏನಾತು?" ಎಂದರು. ಹೇಳಿದೆ. ಕೈ ಚಾಚಿ ನಿಂತ ಮುದುಕನಿಂದ ಹಿಡಿದು ಪುಂಡಿಸೊಪ್ಪಿನ ಅಜ್ಜಿಯವರೆಗೆ, ಕಡಲೆಗೆ ಉರುಳಿದ ಸೊಸೆಯಿಂದ ಹಿಡಿದು ನಾನೇ ತಿರುಗಿ ಹೋದ ಹೊಲದವರೆಗೆ, ಯಾವುದನ್ನೂ ಬಿಡಲಿಲ್ಲ. ಸುತ್ತ ಮಲಗಿದ್ದವರು ಒಬ್ಬೊಬ್ಬರಾಗಿ ಎದ್ದು ಕೂತು ನಗತೊಡಗಿದರು. ಅತ್ತೆ ನಗಲಿಲ್ಲ.

"ಕರದವ್ರ ಹೊಲಕ್ಕ ಹೋದಿ, ಸೈ. ಕರೀದವ್ರ ಹೊಲಕ್ಕ ಯಾಕ ತಿರಗಿ ಹೋದಿ?"

"ಆಕಿ ನಿಂತ ನೋಡಾಕತ್ತಿದ್ಳರಿ ಅತ್ತಿ."

ಅತ್ತೆ ಯಾರಿಗೂ ಅಲ್ಲವೆಂಬಂತೆ, ಜೋಳದ ಕಡೆ ನೋಡುತ್ತ ಹೇಳಿದರು: "ನಂದು ಚೊಚ್ಚಲು ಬಂಡ್ಯಾಗ ಆತು. ತವರಿಗಿ ಹೊಂಟಾಗ ಎರಿಯೊಳಗ ಗಾಲಿ ಸಿಕ್ಕೊಂಡು. ಮಳಿ. ಸುತ್ತ ಹೊಲ, ಒಂದು ನರಪಿಳ್ಳಿ ಇಲ್ಲ. ಕೂಗಿ ಕೂಗಿ ನಮ್ಮಣ್ಣನ ಗಂಟಲ ಬಿತ್ತು. ಕೂಸು ಉಳೀಲಿಲ್ಲ."

ಅಕ್ಕನಿಗೂ ಅದು ಗೊತ್ತಿರಲಿಲ್ಲವೆಂದು ಕಾಣುತ್ತದೆ. ಬದನೆ ಕೈಯಲ್ಲೇ ಉಳಿಯಿತು.

"ನೀ ಹೊತ್ತಿಗಿ ಬರ್ಲಿಲ್ಲ," ಅತ್ತೆ ನನ್ನ ಕಡೆ ತಿರುಗಿದರು, "ಮಾತಿನ ಪ್ರಕಾರ ನಾ ಕಳಸಬೇಕಿಲ್ಲ. ಖರೆ, ಕಳಸ್ತೇನಿ. ನಾನ ಬಂದು ಬಿಟ್ಟ ಬರ್ತೇನಿ, ಅದೇ ದಾರೀಲೆ. ಆ ನಾಕ ಹೊಲದ ಮಂದೀನ್ನ ನಾ ಕಣ್ಣಿಲೆ ನೋಡಬೇಕು." ಆಮೇಲೆ ಗದರಿದರು: "ಈಗ ಉಣ್ಣು. ನಮ್ಮ ಹೊಲಕ್ಕ ಬಂದು ಹಸದು ಹೋಗ್ತೀ ಏನು?"

ಐದನೆಯ ಸಲ ಉಂಡೆ. ಹೇಗೆ ಉಂಡೆನೋ ಆ ದೇವರಿಗೇ ಗೊತ್ತು.

ಅಕ್ಕನಿಗೆ ಏಳು ತುಂಬಿದಾಗ ಶಿವರಾತ್ರಿ ಆಗಿತ್ತು. ಜೋಳ ಕೀಳುವ ಸುಗ್ಗಿ, ಹೊಲಗಳಲ್ಲಿ ಜನ. ಬಂಡಿಗೆ ಹುಲ್ಲು ಹಾಸಿ, ಅದರ ಮೇಲೆ ಕೌದಿ ಹಾಸಿ, ಅಕ್ಕನನ್ನು ಕೂಡಿಸಿದ್ದರು. ಅತ್ತೆ ಪಕ್ಕದಲ್ಲಿ. ಭಾವ ಎತ್ತು ಹೊಡೆಯುತ್ತಿದ್ದರು. ಹಿಂದಿನ ದಿನವೇ ಹೋಗಿ ಉಳಿದಿದ್ದ ನಾನು, ದಾರಿ ತೋರಿಸಲು ಸೈಕಲ್ ಮೇಲೆ ಮುಂದೆ. ಎತ್ತಿನ ನಡಿಗೆಗೆ ಸರಿಯಾಗಿ ಸೈಕಲ್ ಹೊಡೆಯುವುದು ಸುಲಭವಲ್ಲ. ನಿಂತು ನಿಂತು, ಇಳಿದು, ತಳ್ಳಿಕೊಂಡು ಹೋಗುತ್ತಿದ್ದೆ. ಹುಲ್ಲಿನ ಮೆತ್ತೆ ಸಾಲದೆಂದು ಅತ್ತೆ ತಮ್ಮ ಒಂದು ಕೈಯನ್ನು ಅಕ್ಕನ ಬೆನ್ನಿಗೆ ಕೊಟ್ಟಿದ್ದರು. ಬಂಡಿ ಕುಲುಕಿದಾಗಲೆಲ್ಲ, "ಸಾವಕಾಶ ಹೊಡಿಯಲೇ, ಜ್ವಾಳದ ಚೀಲ ಹೇರಿಲ್ಲ" ಎಂದು ಮಗನಿಗೆ ಬೈಯುತ್ತಿದ್ದರು.

ಒಂದೊಂದು ಹೊಲ ಬಂದಾಗಲೂ ಬಂಡಿ ನಿಲ್ಲಿಸಿ ಅತ್ತೆ ಇಳಿದರು. ಸೆರಗು ಸರಿ ಮಾಡಿಕೊಂಡು, ಜೋಳ ಕೀಳುತ್ತಿದ್ದವರ ನಡುವೆ ನಡೆದು ಹೋಗಿ, "ಶರಣ್ರಿ" ಎಂದು ಕೈ ಮುಗಿದು, ತಮ್ಮ ಊರು ಮನೆತನ ಹೇಳಿ, ಬಂಡಿಯ ಕಡೆ ಕೈ ತೋರಿಸಿ ಹೇಳಿದರು: "ಈಕಿ ನನ್ನ ಸೊಸಿ. ಎರಡ ತಿಂಗಳು ಮಾಸ್ತರರ ಮನ್ಯಾಗ ಇರ್ತಾಳ. ಆ ಹುಡಗಿ ಸೈಕಲ್ ತಗೊಂಡು ಓಡಿ ಬಂದ್ಳಂದ್ರ ಊಟಕ್ಕ ಕರೀಬ್ಯಾಡ್ರಿ, ಬಂಡಿ ಕಟ್ರಿ." ಪುಂಡಿಸೊಪ್ಪಿನ ಅಜ್ಜಿ ಅಕ್ಕನ ತಲೆಯ ಮೇಲೆ ಕೈಯಾಡಿಸಿ ಏನೋ ಹರಸಿದಳು. ದೊಡ್ಡ ಮನೆತನದ ಹೆಂಗಸರು ಅತ್ತೆಯನ್ನು ಸುತ್ತುವರಿದು, ತಮಗೆ ಗೊತ್ತಿದ್ದ ಸೂಲಗಿತ್ತಿಯರ ಗುಣದೋಷಗಳನ್ನೆಲ್ಲ ಒಪ್ಪಿಸಿದರು. ಮುದುಕ ತನ್ನ ಎತ್ತುಗಳನ್ನು ತೋರಿಸಿ, "ಇವು ನೆಲಾ ಮುಟ್ಟದ್ಹಂಗ ಓಡ್ತಾವ" ಎಂದ.

ನಾನು ಎಳ್ಳಮಾಸಿಗೆ ಹೋದ ದಿಕ್ಕಿಗೆ ಇದು ಎದುರು ದಿಕ್ಕು. ಹಾಗಾಗಿ ಗಂಡ ಹೆಂಡತಿಯ ಆ ಒಂದು ಎಕರೆ ಇವರೆಲ್ಲರಿಗಿಂತ ಮೊದಲೇ ಬಂದಿತ್ತು, ಅಲ್ಲಿ ಯಾರೂ ಇರಲಿಲ್ಲ. ಕಿತ್ತ ಜೋಳದ ಸಾಲುಗಳು ಮಾತ್ರ ಬಿದ್ದಿದ್ದವು. ಭಾವ, "ನಡೀರಿ ಯವ್ವಾ, ಉಳದವ್ರಿಗಿ ಹೇಳಿದ್ರ ಸಾಕು" ಎಂದಿದ್ದರು. ಅತ್ತೆ ಬಂಡಿಯಿಂದ ಇಳಿದವರು ಎತ್ತು ಬಿಚ್ಚಲು ಹೇಳಿದರು.

"ಎಲ್ಲಿ ಹೋಗ್ಯಾರ, ನೀರಿಗಿ ಹೋಗಿರ್ತಾರ. ಬರ್ತಾರ."

ಬನ್ನಿಮರದ ಚೂರು ನೆರಳಲ್ಲಿ ಕೌದಿ ಹಾಸಿ ಅಕ್ಕನನ್ನು ಮಲಗಿಸಿದರು. ದಾರಿಯ ಮೇಲೆ ಆ ಕಡೆಯಿಂದ ಈ ಕಡೆಯಿಂದ ಒಂದು ಬಂಡಿಯೂ ಬರಲಿಲ್ಲ. ಎತ್ತುಗಳು ಮೆಲುಕು ಹಾಕುತ್ತಿದ್ದವು. ಅಕ್ಕ ಸೆರಗು ಮುಖಕ್ಕೆ ಹಾಕಿಕೊಂಡು ನಿದ್ದೆ ಹೋದಳು. ಅತ್ತೆ ಕೂತಲ್ಲೇ ಕೈಗೆ ಸಿಕ್ಕ ತೆನೆಯೊಂದನ್ನು ತಿಕ್ಕಿ, ಕಾಳು ಊದಿ, ಅರ್ಧ ನನ್ನ ಅಂಗೈಗೆ ಹಾಕಿದರು. ನಾವಿಬ್ಬರೂ ಒಂದೊಂದೇ ಕಾಳು ಬಾಯಿಗೆ ಹಾಕಿಕೊಳ್ಳುತ್ತ ದಾರಿ ನೋಡುತ್ತ ಕೂತೆವು. ಎಷ್ಟು ಹೊತ್ತೋ. ಆಮೇಲೆ ದೂರದಲ್ಲಿ ತಲೆಯ ಮೇಲೆ ಕೊಡ ಹೊತ್ತ ಒಬ್ಬ ಹೆಂಗಸು ಕಾಣಿಸಿದಳು. ನಮ್ಮನ್ನು ಕಂಡು ತನ್ನ ಹೊಲವೇ ಹೌದೋ ಅಲ್ಲವೋ ಎಂಬಂತೆ ಒಂದು ಗಳಿಗೆ ನಿಂತು, ಆಮೇಲೆ ಬೇಗ ಬೇಗ ನಡೆಯತೊಡಗಿದಳು. ಅತ್ತೆ ಎದ್ದು, ಕೈಯ ಹೊಟ್ಟು ಕೊಡವಿಕೊಂಡು, ಅವಳ ಕಡೆಗೆ ಹೊರಟರು.